ಅಮ್ಮನ ರಕ್ತದ ಗುಂಪು

ಜಯನಗರ
12 ಜನವರಿ 2025, ಭಾನುವಾರ

ಪ್ರೀತಿಯ ಸಿರಿಗೆ,

ಅಮ್ಮನ ಆಶೀರ್ವಾದಗಳು. ಒಂದೇ ಮನೆಯಲ್ಲಿದ್ದುಕೊಂಡು ಪತ್ರ ಬರೆಯುತ್ತಾಳಲ್ಲ ಎಂದು ನಗಬೇಡ. ನೀನು ಕೋಚಿಂಗ್‌ಗೆ ಹೋಗಿದ್ದೀಯ, ನಿಮ್ಮಪ್ಪ ಕಬ್ಬು ತರಲು ಹೋಗಿದ್ದಾರೆ. ನಾನು ಎಳ್ಳಿಗೆ ಕೊಬ್ಬರಿ ಹೆಚ್ಚುವುದನ್ನು ಅರ್ಧಕ್ಕೆ ಬಿಟ್ಟು ಕೂತಿದ್ದೇನೆ. ಎರಡು ವಾರದ ಹಿಂದೆ ನೀನು ಕೇಳಿದ್ದಕ್ಕೆ ಅವತ್ತೇ ನಿಜ ಹೇಳಬೇಕಿತ್ತು. ತಡವಾಯಿತು, ಕ್ಷಮಿಸು.

ನಿನ್ನ ರೆಕಾರ್ಡ್ ಪುಸ್ತಕದಲ್ಲಿ ಮನೆಯವರ ರಕ್ತದ ಗುಂಪಿನ ಚಾರ್ಟ್ ಇದೆಯಲ್ಲ, ಅದರ ವಿಷಯ. ನೀನು ಅದರಲ್ಲಿ ‘ಅಪ್ಪ ಓ, ಅಮ್ಮ ಎಬಿ, ನಾನು ಓ’ ಎಂದು ಬರೆದಿದ್ದೆ. ನಿಮ್ಮ ಲೆಕ್ಚರರ್ ಯುವರಾಜ್ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ‘ತಾಯಿಯ ಗುಂಪು ಮತ್ತೊಮ್ಮೆ ನೋಡು’ ಎಂದು ಬರೆದು ಕಳಿಸಿದರು. ನೀನು ಊಟಕ್ಕೆ ಕೂತಾಗ, “ಅಮ್ಮಾ, ಎಬಿ ಇರೋ ಅಮ್ಮಂಗೆ ಓ ಮಗು ಹುಟ್ಟಲ್ವಂತೆ. ನಿಂದು ಯಾವ್ದು ಅಂತ ಸರಿಯಾಗಿ ಹೇಳು” ಅಂದೆ. ಇಪ್ಪತ್ತೆರಡು ವರ್ಷದಿಂದ ಜೀವಶಾಸ್ತ್ರ ಪಾಠ ಮಾಡುತ್ತಿರುವ ನಾನು ಸಾರು ಬಡಿಸುತ್ತಲೇ, “ಲ್ಯಾಬ್‌ನೋರು ತಪ್ಪು ಬರ್ದಿರ್ಬೇಕು, ಬಿ ಅಂತ ಹಾಕು” ಅಂದುಬಿಟ್ಟೆ. ನೀನು ಹಾಕಿದೆ, ಅವರು ಟಿಕ್ ಮಾಡಿದರು. ಅವತ್ತಿನಿಂದ ನನಗೆ ಊಟ ಸೇರುತ್ತಿಲ್ಲ.

ನನ್ನದು ಎಬಿಯೇ. ನೀನು ಮೊದಲು ಬರೆದದ್ದೇ ಸರಿ. ಯಾಕೆ ಎನ್ನುವುದನ್ನು ಎದುರಿಗೆ ಕೂತು ಹೇಳಲು ನನಗೆ ಧೈರ್ಯವಿಲ್ಲ. ಕೈಯಲ್ಲಿ ಚಾಕ್‌ಪೀಸ್ ಇದ್ದರೆ ಏನನ್ನು ಬೇಕಾದರೂ ಹೇಳಬಲ್ಲೆ, ಹಾಗಾಗಿ ಇದನ್ನೂ ಪಾಠದ ಹಾಗೇ ಹೇಳುತ್ತೇನೆ. ಸಹಿಸಿಕೋ.

ಮಕ್ಕಳಾಗದವರ ಚಿಕಿತ್ಸೆಯ ಎರಡು ಪುಟವನ್ನು ನೀವೆಲ್ಲ ಒಂದು ಮಾರ್ಕಿಗೆಂದು ಉರು ಹೊಡೆಯುತ್ತೀರಿ. ಐಯುಐ ಎಂದರೆ ವೀರ್ಯವನ್ನು ತೊಳೆದು, ತೆಳ್ಳನೆಯ ಕೊಳವೆಯಲ್ಲಿ ಗರ್ಭಕೋಶಕ್ಕೆ ಬಿಡುವುದು. ಅಂಡವನ್ನು ಸೇರುವ ಕೆಲಸ ದೇಹದೊಳಗೇ ಆಗಬೇಕು. ಐವಿಎಫ್‌ನಲ್ಲಿ ಅದು ಹೊರಗೆ ಆಗುತ್ತದೆ. ದಿನಾ ಇಂಜೆಕ್ಷನ್ ಕೊಟ್ಟು ಹಲವು ಅಂಡಗಳನ್ನು ಒಟ್ಟಿಗೆ ಬಲಿಸಿ, ಸೂಜಿಯಿಂದ ಹೊರತೆಗೆದು, ತಟ್ಟೆಯಲ್ಲಿ ವೀರ್ಯಾಣುಗಳ ಜೊತೆ ಇಡುತ್ತಾರೆ. ಟೆಸ್ಟ್ ಟ್ಯೂಬ್ ಬೇಬಿ ಎಂದು ಕರೆದರೂ ಟೆಸ್ಟ್ ಟ್ಯೂಬ್ ಎಲ್ಲೂ ಬರುವುದಿಲ್ಲ, ಪರೀಕ್ಷೆಯಲ್ಲಿ ಅದರ ಚಿತ್ರ ಬರೆಯಬೇಡ. ವೀರ್ಯಾಣುವಿಗೆ ತಾನಾಗಿ ಒಳಹೋಗುವ ಶಕ್ತಿ ಇಲ್ಲದಿದ್ದರೆ ಒಂದೇ ಒಂದನ್ನು ಆರಿಸಿ ಅಂಡದೊಳಕ್ಕೆ ಚುಚ್ಚುತ್ತಾರೆ, ಅದು ಇಕ್ಸಿ. ಭ್ರೂಣ ಎಂಟು ಕೋಶಗಳಾಗುವುದರೊಳಗೆ ಅಂಡನಾಳಕ್ಕೆ ಬಿಟ್ಟರೆ ಜಿಫ್ಟ್, ಈಗ ಅದನ್ನು ಮಾಡುವವರು ಕಡಿಮೆ. ಹೆಚ್ಚಾಗಿ ಇನ್ನೂ ಬೆಳೆಸಿ ಗರ್ಭಕೋಶಕ್ಕೇ ಬಿಡುತ್ತಾರೆ.

ಅಂಡವೇ ಇಲ್ಲದ ಹೆಂಗಸಿಗೆ ಬೇರೆಯವಳ ಅಂಡದಿಂದ ಮಗುವಾಗಬಹುದು ಎಂದೂ ಅಲ್ಲಿ ಬರುತ್ತದೆ. ಕ್ಲಾಸಿನಲ್ಲಿ ಆ ಸಾಲು ಬಂದಾಗ ನಾನು ಬೋರ್ಡ್ ಒರೆಸಲು ತಿರುಗುತ್ತಿದ್ದೆ. ಆ ಹೆಂಗಸು ನಾನೇ, ಸಿರಿ.

ನನಗೆ ಮೂವತ್ತೊಂದಾಗಿದ್ದಾಗ ಡಾಕ್ಟರು, “ಗರ್ಭಕೋಶ ಚೆನ್ನಾಗಿದೆಯಮ್ಮ, ಅಂಡ ಮಾತ್ರ ಮುಗಿದುಹೋಗಿವೆ” ಅಂದರು. ನಾಲ್ಕನೇ ದಿನ ನನ್ನ ತಂಗಿ ಬಂದು, “ನಂದು ತಗೋ ಅಕ್ಕ, ನಂಗೆ ಎರಡು ಮಕ್ಕಳಾಗಿವೆ, ಸಾಕು” ಅಂದಳು. ಯಾರೋ ಸೀರೆ ಕೇಳಿದರೆ ಕೊಡುವ ಹಾಗೆ ಅಂದಳು. ವಿಲ್ಸನ್ ಗಾರ್ಡನ್ನಿನ ನಿನ್ನ ಪೂರ್ಣ ಚಿಕ್ಕಮ್ಮನೇ ಅವಳು, ನೀನು ಮದುವೆಮನೆಗಳಲ್ಲಿ ದೂರದಿಂದ ನೋಡಿರುವವಳು. ಸೂಜಿ ಕಂಡರೆ ಹೆದರಿ ಕಣ್ಣು ಮುಚ್ಚುವವಳು ಹನ್ನೊಂದು ದಿನ ಹೊಟ್ಟೆಗೆ ಇಂಜೆಕ್ಷನ್ ಚುಚ್ಚಿಸಿಕೊಂಡಳು. ಒಂಬತ್ತು ಅಂಡ ಸಿಕ್ಕವು. ನಿಮ್ಮಪ್ಪನ ವೀರ್ಯಾಣು ಸೇರಿ ಆರು ಭ್ರೂಣವಾದವು. ಎರಡನ್ನು ನನ್ನೊಳಗೆ ಬಿಟ್ಟರು, ಒಂದು ನಿಂತಿತು. ಅವಳ ರಕ್ತದ ಗುಂಪು ಓ.

ನಿನ್ನನ್ನು ಒಂಬತ್ತು ತಿಂಗಳು ಹೊತ್ತವಳು, ವಾಂತಿ ಮಾಡಿಕೊಂಡವಳು, ಹೆತ್ತವಳು ನಾನು. ಅದರಲ್ಲಿ ಅನುಮಾನ ಬೇಡ. “ಪರೀಕ್ಷೆ ಮುಗೀಲಿ, ಆಮೇಲೆ ಹೇಳೋಣ” ಎಂದರು ನಿಮ್ಮಪ್ಪ. ಪರೀಕ್ಷೆ ಮುಗಿದರೆ ರಿಸಲ್ಟ್ ಬರಲಿ ಅನ್ನುತ್ತೇವೆ, ನಮ್ಮಿಬ್ಬರನ್ನು ನಂಬುವಂತಿಲ್ಲ. ಅದಕ್ಕೇ ಈ ಪತ್ರವನ್ನು ನಿನ್ನ ರೆಕಾರ್ಡಿನಲ್ಲಿ ಅದೇ ಪುಟದೊಳಗೆ ಇಡುತ್ತಿದ್ದೇನೆ. ಕೋಪ ಬಂದರೆ ಬರಲಿ, ನಾಲ್ಕು ದಿನ ಮಾತು ಬಿಟ್ಟರೂ ತಡೆದುಕೊಳ್ಳುತ್ತೇನೆ. ಊಟ ಮಾತ್ರ ಬಿಡಬೇಡ.

ನೀನು ಓದಿದ್ದು ತಲೆಗೆ ಹತ್ತಲಿ, ಮನಸ್ಸು ತಣ್ಣಗಿರಲಿ, ನೂರು ವರ್ಷ ಬಾಳು.

ನಿನ್ನ ಅಮ್ಮ,
ಜಯಶೀಲಾ

ತಾ.ಕ.: ಪೂರ್ಣ ಚಿಕ್ಕಮ್ಮನಿಗೆ ಜಂಬ, ಅದಕ್ಕೇ ನಮ್ಮ ಮನೆಗೆ ಬರುವುದಿಲ್ಲ ಎಂದು ನೀನು ಎಷ್ಟು ಸಲ ಅಂದಿದ್ದೀಯ. ನಾನು ಒಮ್ಮೆಯೂ ತಿದ್ದಲಿಲ್ಲ. ನಿನ್ನ ಮೂರನೇ ಹುಟ್ಟುಹಬ್ಬಕ್ಕೆ ಅವಳು ಬಂದಿದ್ದಳು. ಎದುರುಮನೆ ಮಂಗಮ್ಮ ಕೇಕ್ ತಿನ್ನುತ್ತಾ, “ಮಗು ಥೇಟ್ ಚಿಕ್ಕಮ್ಮನ ಹಾಗೇ ಇದೆ ಕಣ್ರೀ” ಅಂದರು. ಎಲ್ಲ ಮನೆಯಲ್ಲೂ ಆಡುವ ಮಾತು, ಅವರಿಗೇನು ಗೊತ್ತು. ನಾನು ತಂಗಿಯನ್ನು ಗೇಟಿನವರೆಗೆ ಕಳಿಸಲು ಹೋಗಿ, “ಇನ್ಮೇಲೆ ನೀನು ಬರಬೇಡ ಕಣೆ” ಅಂದೆ. ಅವಳು, “ಆಯ್ತಕ್ಕ” ಅಂದಳು. ಹದಿನಾಲ್ಕು ವರ್ಷವಾಯಿತು, ಬಂದಿಲ್ಲ.

ಪ್ರತಿ ಸಂಕ್ರಾಂತಿಗೂ ನಿನಗೆ ಲಂಗ ಉಡಿಸಿ, ಎಳ್ಳು ಬೀರಲು ಕತ್ರಿಗುಪ್ಪೆ, ಬನಶಂಕರಿ ಎಲ್ಲ ಸುತ್ತಿಸಿದೆ. ಅವಳ ಮನೆಗೆ ಮಾತ್ರ ಕರೆದುಕೊಂಡು ಹೋಗಲಿಲ್ಲ. ಆದರೆ ಅವಳ ಪಾಲಿನ ಎಳ್ಳು ತೆಗೆದಿಡದೆ ಇದ್ದ ವರ್ಷವಿಲ್ಲ. ಹಬ್ಬ ಕಳೆದ ಮೇಲೆ ಅದನ್ನು ನಾನೊಬ್ಬಳೇ ಕೂತು ತಿನ್ನುತ್ತಿದ್ದೆ. ಈ ವರ್ಷದ್ದು ಎಲ್ಲಕ್ಕಿಂತ ಮೊದಲೇ ಬೆರೆಸಿ ಅಡುಗೆಮನೆಯಲ್ಲಿ ಸ್ಟೀಲ್ ಡಬ್ಬಿಗೆ ಹಾಕಿದ್ದೇನೆ, ಮೇಲೆ ಸಕ್ಕರೆ ಅಚ್ಚಿನ ಗಿಳಿ ಇಟ್ಟಿದ್ದೇನೆ. ಚಿಕ್ಕಂದಿನಿಂದ ಅವಳಿಗೆ ಗಿಳಿಯೇ ಬೇಕು. ಮಂಗಳವಾರ ಹಬ್ಬಕ್ಕೆ ನೀನು ತೆಗೆದುಕೊಂಡು ಹೋಗುವುದಾದರೆ ನಾನೂ ಬರುತ್ತೇನೆ. ಅವಳು ಒಳಗೆ ಕರೆಯುವ ತನಕ ಗೇಟಿನ ಹೊರಗೇ ನಿಂತಿರುತ್ತೇನೆ.