ನಿನ್ನ ಕಾಗದದ ಗೋಡೆಗಳಲ್ಲಿ ಬೀಜ ಇಳಿಯಿತು

ನನ್ನ ಮನೆಯಾಕೆಗೆ,

ಆ ತ್ರಿಕೋನಗಳ ವಿಷಯಕ್ಕೆ ಬರುವಷ್ಟರಲ್ಲಿ ನಿನ್ನೆ ಹಾಲಿನವಳು ಬಂದಳು, ಮಾತು ಅಲ್ಲಿಗೇ ನಿಂತಿತು. ಅಲ್ಲಿಂದಲೇ ಹಿಡಿಯುತ್ತೇನೆ. ನೀನು ಹೋಗಿ ಎರಡು ವರ್ಷವಾದರೂ ಸಂಜೆಯಾದರೆ ನಿನ್ನ ಜೊತೆ ಮಾತಾಡುವ ಚಟ ನನಗೆ ಬಿಟ್ಟಿಲ್ಲ. ಬಾಯಿಬಿಟ್ಟು ಆಡಿದರೆ ಓಣಿಯವರು ಒಂಥರಾ ನೋಡುತ್ತಾರೆ. ಅದಕ್ಕೇ ಇವತ್ತು ಬರೆಯುತ್ತಿದ್ದೇನೆ. ಕುಳಿತಿರುವುದು ರಾಣೆಬೆನ್ನೂರಿನ ನಮ್ಮ ವರ್ಕ್‌ಶಾಪಿನ ಬಾಗಿಲಲ್ಲಿ. ಕಾಗದ ಇಟ್ಟುಕೊಂಡದ್ದು ನಿನ್ನ ಹೊಲಿಗೆ ಮಷೀನಿನ ಮೇಲೆ. ಬೈಯಬೇಡ, ಎಣ್ಣೆ ಕೈ ತೊಳೆದುಕೊಂಡೇ ಕುಳಿತಿದ್ದೇನೆ.

ಬ್ಯಾಡಗಿಯ ಚನ್ನಬಸಪ್ಪ ಸಾಹುಕಾರರಿಗೆ ನಾವು ಮಾಡಿಕೊಟ್ಟ ಹಾಪರು ನೆನಪಿದೆಯಲ್ಲ? ಮೇಲಿನಿಂದ ಮೆಣಸಿನಕಾಯಿ ಬೀಜ ಸುರಿದರೆ ಕೆಳಗಿನಿಂದ ಇಳಿಯುವ ತಗಡಿನ ದೊಡ್ಡ ಆಲಿಕೆ. ಮೇಲೆ ಚೌಕ, ಕೆಳಗೆ ದುಂಡು ಬಾಯಿ. ಅಂಥ ಚೌಕದಿಂದ ದುಂಡಿಗೆ ಇಳಿಯುವ ತಗಡು ಕತ್ತರಿಸುವುದೆಂದರೆ ನಮ್ಮ ಊರಿನ ಎಷ್ಟೋ ಫ್ಯಾಬ್ರಿಕೇಶನ್ ಅಂಗಡಿಯವರು ಬೆವರುತ್ತಿದ್ದರು. ನನಗೆ ಮಾತ್ರ ಚಿಂತೆ ಇರಲಿಲ್ಲ, ಏಕೆಂದರೆ ನೀನಿದ್ದೆ. ಚಪ್ಪಟೆ ಬಟ್ಟೆಯನ್ನು ಮೈಗೆ ಕೂಡಿಸುವವಳಿಗೆ ಚಪ್ಪಟೆ ತಗಡು ಯಾವ ಲೆಕ್ಕ? ಹಳೇ ಕ್ಯಾಲೆಂಡರುಗಳ ಹಿಂಬದಿಯಲ್ಲಿ ನೀನು ಉದ್ದುದ್ದ ತ್ರಿಕೋನ ಗೀಚುತ್ತಿದ್ದೆ, ಕತ್ತರಿಸುತ್ತಿದ್ದೆ, ಅಂಟಿಸಿ ನಿಲ್ಲಿಸುತ್ತಿದ್ದೆ. ನಾನು ಅದನ್ನು ತಗಡಿನ ಮೇಲಿಟ್ಟು ಗುರುತು ಹಾಕುತ್ತಿದ್ದೆ. ಊರಿಗೆಲ್ಲ ನಾನು ಮೇಸ್ತ್ರಿ!

ಆ ಸಲ ಮಾತ್ರ ನೀನು ಸೊಟ್ಟ ಕತ್ತರಿಸಿದೆ ಎಂದು ನಾನು ನಕ್ಕೆ. ಕೆಳಗಿನ ಬಾಯಿ ನಡುವೆ ಇರಲಿಲ್ಲ, ಒಂದು ಮೂಲೆಗೆ ಸರಿದಿತ್ತು. ಆ ಮೂಲೆಯ ಗೋಡೆ ನೆಟ್ಟಗೆ, ಉಳಿದವು ಓರೆ. ಬೇಕಂತಲೇ ಮಾಡಿದ್ದೇನೆ ಎಂದು ನೀನು ಹೇಳಿದೆ. ನಾಲ್ಕೂ ಕಡೆಯಿಂದ ಮಂದಿ ಒಮ್ಮೆಲೇ ಬಂದರೆ ಬಸ್ಸಿನ ಬಾಗಿಲಲ್ಲಿ ಒಬ್ಬರೂ ಹತ್ತುವುದಿಲ್ಲ, ಬೀಜದ್ದೂ ಅದೇ ಪಾಡು ಎಂದೆ. ನಾನು ಕೇಳಿದೆನೇ? ಕಾಲೇಜು ಮೆಟ್ಟಿಲು ಹತ್ತಿದವನು ನಾನು, ಪೂರ್ತಿ ಹತ್ತದಿದ್ದರೂ. ‘ಸಿಮೆಟ್ರಿ ಈಸ್ ಬ್ಯೂಟಿ’ ಎಂದೋ ಏನೋ ಒಂದು ಇಂಗ್ಲಿಷ್ ಒಗೆದು, ಕಂಪಾಸು ಹಿಡಿದು ಬಾಯಿಯನ್ನು ನಡುವಿಗೆ ತಂದೆ. ಎರಡು ದಿನ ನೀನು ರೊಟ್ಟಿ ಬಡಿದ ಸದ್ದಿನಲ್ಲೇ ನನಗೆ ಉತ್ತರ ಕೊಟ್ಟೆ.

ಹಾಪರು ಕೂಡಿಸಿದ ದಿನ ಬ್ಯಾಡಗಿಗೆ ನೀನೂ ಬಂದಿದ್ದೆ. ಮೊದಲ ಚೀಲ ಸುರಿದರು, ನಾಲ್ಕು ಬುಟ್ಟಿಯಷ್ಟು ಬೀಜ ಇಳಿಯಿತು, ನಿಂತಿತು. ಒಳಗೆ ಬೀಜ ಕಮಾನು ಕಟ್ಟಿಕೊಂಡು ಕುಳಿತಿತ್ತು. ಅಲ್ಲಿ ಕೆಲಸಕ್ಕಿದ್ದ ಫಕ್ಕೀರವ್ವ ಮರದ ಕೊಡತಿ ತಂದು ಬಡಿದಳು. ಇಳಿಯಿತು, ಮತ್ತೆ ನಿಂತಿತು. ಸಾಹುಕಾರರು ನನ್ನ ಮುಖ ನೋಡಿದರು. ಆಗ ನಾನು ಆಡಿದ ಮಾತು ನಿನಗೂ ಗೊತ್ತು, ನನಗೂ ಗೊತ್ತು. ಮನೆಯಾಕೆ ಕತ್ತರಿಸಿದ ಕಾಗದದ ಮೇಲೆ ಮಾಡಿದೆ, ಜಂಪರಿನ ಅಳತೆ ತಗಡಿಗೆ ಆಗಿಬರಲಿಲ್ಲ ಎಂದುಬಿಟ್ಟೆ. ಅಲ್ಲಿದ್ದವರೆಲ್ಲ ನಕ್ಕರು. ನೀನು ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತಿದ್ದೆ. ಮೆಣಸಿನಕಾಯಿ ಘಾಟಿಗೆ ಎಂದು ನಾನು ಅಂದುಕೊಂಡೆ. ಅಂದುಕೊಂಡೆನೋ, ಅಂದುಕೊಳ್ಳುವುದು ಸುಲಭವಿತ್ತೋ...

ಅದಾದ ಮೇಲೆ ಎಷ್ಟು ವರ್ಷ ಕಳೆದವು! ಆ ಮಾತನ್ನು ಹಿಂದೆ ತೆಗೆದುಕೊಳ್ಳಲು ಒಂದು ಸಂಜೆ ಸಾಕಿತ್ತು. ನೀನೂ ಕೇಳಲಿಲ್ಲ, ನಾನೂ ಎತ್ತಲಿಲ್ಲ. ಹಾಪರು ಮಾತ್ರ ಇಲ್ಲಿಯವರೆಗೆ ಏಟು ತಿನ್ನುತ್ತಲೇ ಬಂತು.

ಹೋದ ತಿಂಗಳು ಸಾಹುಕಾರರು ಫೋನು ಮಾಡಿ, ಅದನ್ನು ಗುಜರಿಗೆ ಹಾಕಿ ಹೊರಗಿನಿಂದ ರೆಡಿಮೇಡ್ ತರಿಸುತ್ತೇನೆ ಎಂದರು. ಆ ಹೊತ್ತಿಗೆ ನಮ್ಮ ಸುಮಿ ಹಾವೇರಿಯಿಂದ ಬಂದಿದ್ದಳು. ಕಾಲೇಜಿನಲ್ಲಿ ಮೆಕ್ಯಾನಿಕಲ್ ಹುಡುಗರಿಗೆ ಪಾಠ ಹೇಳುವ ಮಗಳು ಕೇಳಿಸಿಕೊಂಡು ಸುಮ್ಮನಿರುತ್ತಾಳೆಯೇ? ಗುಜರಿಗೆ ಹಾಕುವ ಮೊದಲು ಅದು ಯಾಕೆ ನಿಲ್ಲುತ್ತದೆಂದು ಕಂಪ್ಯೂಟರಿನಲ್ಲಿ ನೋಡೋಣ ಎಂದಳು. ಅವಳ ಹತ್ತಿರ ಒಂದು ಪ್ರೋಗ್ರಾಮು ಇದೆ. ಅದರಲ್ಲಿ ಒಂದೊಂದು ಬೀಜವೂ ಬೇರೆ ಬೇರೆ. ಒಂದನ್ನೊಂದು ತಳ್ಳುತ್ತವೆ, ಉಜ್ಜುತ್ತವೆ, ಉರುಳುತ್ತವೆ. ಬೀಜಕ್ಕೆ ಗೋಡೆ ಬೇಕಲ್ಲ? ಹಾಪರಿನ ಚಿತ್ರ ಬೇರೆ ಕಡೆ ಬರೆದು, ಅದರ ಮೈಯನ್ನೆಲ್ಲ ಸಣ್ಣ ಸಣ್ಣ ತ್ರಿಕೋನ ಮಾಡಿ, ಇಲ್ಲಿಗೆ ಇಂಪೋರ್ಟ್ ಮಾಡಿ, ಇದೇ ಗೋಡೆ ಎಂದು ಹೇಳಬೇಕು. ಅದಕ್ಕೆ ಮೆಶ್ ಎನ್ನುತ್ತಾರಂತೆ. ತಗಡು ಎಷ್ಟು ಗೇಜು ಎಂದು ಕೇಳಿದೆ. ಗೇಜೇ ಇಲ್ಲ, ದಪ್ಪವಿಲ್ಲದ ಗೋಡೆ ಎಂದಳು. ಅಂಥ ತಗಡು ಬಜಾರಿನಲ್ಲಿ ಸಿಗುವಂತಿದ್ದರೆ ನನ್ನ ಬೆನ್ನು ಉಳಿಯುತ್ತಿತ್ತು.

ಮೊದಲ ಸಲ ನಡೆಸಿದಾಗ ನೀನಿರಬೇಕಿತ್ತು. ಸುಮಿ ಅಳತೆ ಬರೆದದ್ದು ಮಿಲಿಮೀಟರಿನಲ್ಲಿ, ಪ್ರೋಗ್ರಾಮು ತಿಳಿದುಕೊಂಡದ್ದು ಮೀಟರು. ನಮ್ಮ ಹಾಪರು ರಾಣೆಬೆನ್ನೂರಿಗಿಂತ ದೊಡ್ಡದಾಯಿತು! ಬೀಜ ಎಲ್ಲಿ ಬಿದ್ದವೋ, ಹುಡುಕಿದರೂ ಕಾಣಲಿಲ್ಲ. ಅವಳು ಹಣೆ ಬಡಿದುಕೊಂಡು ಸರಿಮಾಡಿದಳು. ಆಮೇಲೆ ನೋಡು, ಬೀಜ ಬಿತ್ತು, ತುಂಬಿತು, ಇಳಿಯಿತು, ನಿಂತಿತು. ಬ್ಯಾಡಗಿಯಲ್ಲಿ ನಿಂತ ಹಾಗೆಯೇ, ಅದೇ ಕಮಾನು. ನಾಲ್ಕೂ ಗೋಡೆಯಿಂದ ಬಂದ ಬೀಜ ಬಾಯಲ್ಲಿ ಒಂದಕ್ಕೊಂದು ಭುಜ ಕೊಟ್ಟು ಕುಳಿತಿತ್ತು. ‘ಆ್ಯಂಗಲ್ ಆಫ್ ರಿಪೋಸ್’, ರಾಶಿ ಜಾರದೆ ನಿಲ್ಲುವ ಓರೆ, ಎಂದು ನಾನು ಹಳೇ ಪಾಠ ತೆಗೆದೆ. ಅದು ಬೇರೆ ಎಂದಳು ಮಗಳು. ನನಗೆ ಆಗಲೇ ಬಸ್ಸಿನ ಬಾಗಿಲು ಕಣ್ಣಿಗೆ ಕಟ್ಟಿತ್ತು.

ನೀನು ಮೂಲೆಗೆ ಸರಿಸಿದ್ದ ಬಾಯಿಯ ವಿಷಯ ಹೇಳಲೋ ಬೇಡವೋ ಎಂದು ಒಂದು ಚಹಾ ಕುಡಿಯುವಷ್ಟು ಹೊತ್ತು ಕುಳಿತೆ. ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆಮೇಲೆ ಎದ್ದು ನಿನ್ನ ಟ್ರಂಕು ತೆರೆದೆ. ಆ ಕ್ಯಾಲೆಂಡರಿನ ತುಂಡುಗಳು ಹಾಗೇ ಇದ್ದವು, ಜಂಪರಿನ ಕಟಿಂಗುಗಳ ನಡುವೆ. ನಾನು ಬಿಟ್ಟದ್ದನ್ನು ನೀನು ಇಟ್ಟುಕೊಂಡಿದ್ದೆ. ಸುಮಿ ಒಂದೊಂದನ್ನೂ ಸ್ಕ್ಯಾನ್ ಮಾಡಿ, ಅಂಚು ಹಿಡಿದು, ಮಡಿಸಿ, ಹೊಸ ಗೋಡೆ ಮಾಡಿದಳು. ನಡೆಸಿದಳು. ಎಲ್ಲಾ ಬೀಜವೂ ಒಂದು ಮೂಲೆಯ ಸಂದಿನಿಂದ ಸುರಿದು ಹೊರಗೆ ಹೋಯಿತು! ಗೋಡೆಗಳು ಒಂದಕ್ಕೊಂದು ಸೇರಿರಲೇ ಇಲ್ಲ.

“ಅವ್ವನ ಅಳತಿ ತಪ್ಪೇತಿ ಅಪ್ಪಾ,” ಎಂದಳು ಸುಮಿ ಮೆಲ್ಲಗೆ.

ಆ ಮಾತು ನಾನು ಮೊದಲೇ ಒಬ್ಬರ ಮುಂದೆ ಆಡಿದ್ದೆನಲ್ಲ! ಕಾಗದ ಕಸಿದುಕೊಂಡು ಬೆಳಕಿಗೆ ಹಿಡಿದೆ. ಕತ್ತರಿಸಿದ ಅಂಚಿನ ಒಳಗೆ ನೀಲಿ ಪೆನ್ಸಿಲಿನ ಗೆರೆ, ಮಸುಕಾಗಿತ್ತು. ಒಂದು ಬದಿಗೆ ಅರ್ಧ ಇಂಚು, ಇನ್ನೊಂದು ಬದಿಗೆ ಒಂದು ಇಂಚು. ಜಂಪರಿಗೆ ಬಿಡುವ ಹಾಗೆ ನೀನು ತಗಡಿಗೂ ಮಾರ್ಜಿನ್ನು ಬಿಟ್ಟಿದ್ದೆ. ನಿನಗೆ ಅದು ಕೈರೂಢಿ, ಮುಂದೆ ಮೈ ಬಂದರೆ ಬಿಚ್ಚಲಿಕ್ಕೆ ಇರಲಿ ಎಂದು. ಹೊಲಿಗೆ ಕಲಿಯೇ ಎಂದು ನೀನು ಗೋಗರೆದರೂ ಕಲಿಯದ ಮಗಳು ಮಾರ್ಜಿನ್ನನ್ನೇ ಗೋಡೆ ಎಂದು ಕೊಟ್ಟಿದ್ದಳು.

“ಅಳತಿ ಸರಿ ಐತಿ ಬೇ. ನಿನಗ ನಿಮ್ಮವ್ವನ ಗೆರಿ ಓದಾಕ ಬರಂಗಿಲ್ಲ,” ಎಂದೆ.

ಅಂಚು ಬಿಟ್ಟು ಗೆರೆ ಹಿಡಿದಳು. ಗೋಡೆಗಳು ಕೂಡಿದವು, ಒಂದು ಕೂದಲು ಸಂದೂ ಉಳಿಯಲಿಲ್ಲ. ಬೀಜ ಬಿತ್ತು, ತುಂಬಿತು. ನೆಟ್ಟಗಿನ ಗೋಡೆಯ ಪಕ್ಕದಲ್ಲಿ ಜಾರಿತು, ಜಾರುತ್ತಲೇ ಇತ್ತು. ಕೊನೆಯ ಬೀಜವೂ ಇಳಿಯಿತು. ಆಮೇಲೆ ನಾನು ಸುಮಿಗೆ ಎಲ್ಲವನ್ನೂ ಹೇಳಿದೆ, ಕಂಪಾಸಿನ ಕಥೆ, ಸಾಹುಕಾರರ ಮುಂದೆ ಆಡಿದ ಮಾತು. ‘ಟು ಕಟ್ ಎ ಲಾಂಗ್ ಸ್ಟೋರಿ ಶಾರ್ಟ್’ ಎಂದು ಶುರುಮಾಡಿದವನು ಮುಗಿಸುವಷ್ಟರಲ್ಲಿ ಅನ್ನ ಸೀದಿತ್ತು. ಅವಳು ಬೈಯಲಿಲ್ಲ. ಇದನ್ನು ನನಗೆ ಹೇಳಿದರೆ ಏನು ಬಂತು, ಬ್ಯಾಡಗಿಯಲ್ಲಿ ಹೇಳು ಎಂದಳು. ನಿನ್ನದೇ ನಾಲಿಗೆ.

ಮೊನ್ನೆ ಬ್ಯಾಡಗಿಗೆ ಹೋದೆವು. ಬಸ್ಸಿನಲ್ಲಿ ಹೇಳಬೇಕಾದ ಮಾತನ್ನು ಎಷ್ಟು ಸಲ ಜೋಡಿಸಿದೆನೋ, ಇಳಿಯುವಾಗ ಒಂದೂ ಉಳಿದಿರಲಿಲ್ಲ. ಸಾಹುಕಾರರು, ಹಮಾಲರು, ಬೀಜ ಆರಿಸುವ ಹೆಣ್ಣುಮಕ್ಕಳು ಎಲ್ಲರೂ ಇದ್ದರು. ಸುಮಿ ಕಂಪ್ಯೂಟರಿನಲ್ಲಿ ಎರಡೂ ಹಾಪರು ತೋರಿಸಿದಳು. ಯಾವುದು ಯಾರದೆಂದು ಸಾಹುಕಾರರು ಕೇಳಿದರು. ನನಗೆ ಸೀನು ಬಂತು, ಮೂರು ಸಲ. ಅದು ಮುಗಿದ ಮೇಲೆ ನೆಪ ಉಳಿಯಲಿಲ್ಲ.

“ನಿಂತಿದ್ದು ನಂದ್ರಿ, ಇಳಿದಿದ್ದು ಆಕೀದು. ಅವತ್ತ ಆಕೀ ಮ್ಯಾಲ ಹಾಕಿದ್ದು ಸುಳ್ಳು,” ಎಂದೆ.

ನಕ್ಕದ್ದು ಫಕ್ಕೀರವ್ವ. ಕೂದಲೆಲ್ಲ ಬೆಳ್ಳಗಾಗಿದೆ, ಕೈಯಲ್ಲಿ ಅದೇ ಕೊಡತಿ.

“ನಮಗ ಅವತ್ತ ಗೊತ್ತಾಗಿತ್ರಿ ಯಜಮಾನ್ರ. ನೀವು ಚಾ ಕುಡ್ಯಾಕ ಹೋದಾಗ ಅಕ್ಕಾರು ಬಂದು, ನಡುವ ಬಡದ್ರ ಕೈ ನೋವಕ್ಕಾವು, ಈ ಮೂಲಿಗೆ ಒಂದು ಹಾಕು, ದಾರಿ ಇಲ್ಲೇ ಐತಿ ಅಂತ ಸುಣ್ಣದಾಗ ಗುರ್ತ ಹಾಕಿಕೊಟ್ಟಿದ್ರು. ಅದ್ಕ ಇಷ್ಟ ವರ್ಷ ನಡೀತು ನಿಮ್ಮ ಹಾಪರು.”

ಹೋಗಿ ನೋಡಿದೆ. ಸುಣ್ಣ ಅಳಿಸಿಹೋಗಿದೆ, ಆದರೆ ಆ ಮೂಲೆಯ ತಗಡು ಏಟು ತಿಂದು ತಿಂದು ಹೊಳೆಯುತ್ತಿದೆ. ನೀನು ಬಾಯಿ ಇಡಲು ಹೇಳಿದ ಮೂಲೆ! ನಾನು ನಿನ್ನ ಮೇಲೆ ತಪ್ಪು ಹೊರಿಸಿದ ಅರ್ಧ ಗಂಟೆಯೊಳಗೆ ನೀನು ನನ್ನ ಹಾಪರನ್ನು ಉಳಿಸಿ, ಬಸ್ಸಿನಲ್ಲಿ ನನ್ನ ಪಕ್ಕ ಕುಳಿತು, ಶೇಂಗಾ ಸುಲಿದು ಕೊಡುತ್ತಾ ಊರಿಗೆ ಬಂದೆಯಾ? ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಬೇಕೆನಿಸುತ್ತದೆ. ಆದರೆ ನೀನು ಮೊದಲು ಹೇಳಿದ್ದು ನನಗೇ ಅಲ್ಲವೇ, ಕಾಗದ ಕತ್ತರಿಸಿ, ಅಂಟಿಸಿ, ನಿಲ್ಲಿಸಿ...

ರೆಡಿಮೇಡ್ ಬರುವುದಿಲ್ಲ. ಅಕ್ಕಾರ ಕಾಗದದಂತೆಯೇ ಹೊಸದು ಮಾಡಿ ಎಂದರು ಸಾಹುಕಾರರು. ಇವತ್ತು ಬೆಳಿಗ್ಗೆಯಿಂದ ತಗಡಿನ ಮೇಲೆ ನಿನ್ನ ಗೆರೆ ಇಳಿಸುತ್ತಿದ್ದೇನೆ. ಸುಮಿ ರಜೆ ಹಾಕಿ ಬಂದು ಇನ್ನೊಂದು ತುದಿ ಹಿಡಿದಿದ್ದಾಳೆ. ಮಾರ್ಜಿನ್ನು ಬಿಡಬೇಕೋ ಬೇಡವೋ ಎಂದು ಕೇಳಿದಳು. ನೀನು ಎಷ್ಟು ಬಿಟ್ಟಿದ್ದೀಯೋ ಅಷ್ಟೂ ಬಿಡುತ್ತೇವೆ, ತಗಡು ವೇಸ್ಟ್ ಆದರೆ ಆಗಲಿ. ಮೂರು ತುಂಡು ಮುಗಿದಿವೆ. ನಾಲ್ಕನೆಯದು ಆ ನೆಟ್ಟಗಿನ ಗೋಡೆ, ಅದನ್ನು ಇವತ್ತೇ ಗುರುತು ಹಾಕಬೇಕೆಂದಿದ್ದೆ. ಕಾಗದ ತಗಡಿನ ಮೇಲೆ ಹಾಸಿಯೇ ಇದೆ, ನೋಡಿದರೆ ನೀಲಿ ಗೆರೆ ಕಾಣುತ್ತಿಲ್ಲ. ಕನ್ನಡಕ ಒರೆಸಿ ನೋಡಿದೆ, ಮಂಜಾದದ್ದು ಕನ್ನಡಕವಲ್ಲ. ಹೊತ್ತು ಮುಳುಗುತ್ತಿದೆ. ಅಂದಾಜಿನ ಮೇಲೆ ಇನ್ನು ಗೆರೆ ಎಳೆಯುವುದಿಲ್ಲ, ಬೆಳಗಾಗಲಿ.