ಒಡೆಯದೆ ಇಟ್ಟ ಕುಂಬಳಕಾಯಿ

ಹೊಸಕೊಪ್ಪ, ಆನವಟ್ಟಿ ಅಂಚೆ
೨೩-೧೦-೧೯೫೮, ಗುರುವಾರ

ಪ್ರೀತಿಯ ಅವ್ವನಿಗೆ,

ನಿನ್ನ ಮಗಳು ವನಜಳ ನಮಸ್ಕಾರ. ಉಳವಿಯಲ್ಲಿ ಹೇಗಿದ್ದೀ? ಮಳೆಗಾಲದಲ್ಲಿ ಮಂಡಿ ಹಿಡಿದುಕೊಳ್ಳುತ್ತದೆ ಎಂದಿದ್ದೆಯಲ್ಲ, ಈಗ ಕಡಿಮೆಯಾಗಿದೆಯೇ? ಎಣ್ಣೆ ಕಾಯಿಸಿ ಹಚ್ಚಿಕೊಳ್ಳುತ್ತೀಯೋ, ಅಥವಾ ಕೇರಿಯವರ ಮಂಡಿಗೆಲ್ಲ ಹಚ್ಚಿ ನಿನ್ನದನ್ನು ಮರೆಯುತ್ತೀಯೋ? ಪುಟ್ಟಪ್ಪ ಮಾವಾ, ಇದನ್ನು ಅವ್ವನಿಗೆ ಓದಿ ಹೇಳುವವನು ನೀನೇ ಆದ್ದರಿಂದ ನಿನಗೂ ನಮಸ್ಕಾರ. ಒಂದೇ ಬೇಡಿಕೆ, ಎಲ್ಲೂ ಹಾರಿಸದೆ ಓದು. ಅಕ್ಕನಿಗೆ ನೋವಾದೀತೆಂದು ಹಿಂದಿನ ಕಾಗದವನ್ನು ನೀನು ಅರ್ಧ ನುಂಗಿ ಓದಿದ್ದೀ ಎಂದು ನನಗೆ ಸುದ್ದಿ ಬಂದಿದೆ. ಇಲ್ಲಿ ನಾವೆಲ್ಲ ಕ್ಷೇಮ. ಕರಿ ಎಮ್ಮೆ ಗಬ್ಬವಾಗಿದೆ. ಗದ್ದೆ ತೆನೆ ಒಡೆದಿದೆ. ಅಜ್ಜಿಯ ಕೆಮ್ಮು ಇಳಿದಿದೆ, ಬಾಯಿ ಮೊದಲಿನ ಹಾಗೆಯೇ ಇದೆ.

ನಮ್ಮ ಕುಂಬಳಕಾಯಿ ಹೋದ ಭಾನುವಾರ ಆನವಟ್ಟಿಯ ಸ್ಪರ್ಧೆಗೆ ಹೋಗಿಬಂತು. ಅದನ್ನು ಹೇಳುವ ಮೊದಲು ಹೋದ ವರ್ಷದ್ದನ್ನು ಬರೆಯಬೇಕು, ಯಾಕೆಂದರೆ ನೀನು ತವರಿನಲ್ಲಿ ಯಾರಿಗೂ ಬಾಯಿಬಿಟ್ಟಿರುವುದಿಲ್ಲ. ಮಾವಾ, ಕೇಳು. ಹೋದ ಸಲ ಭೂಮಿ ಹುಣ್ಣಿಮೆಯ ಹಿಂದಿನ ದಿನ ಅಪ್ಪ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕಿಸಲು ಶಿಕಾರಿಪುರಕ್ಕೆ ಹೋದವನು ಅಲ್ಲೇ ಉಳಿದುಬಿಟ್ಟ. ಗದ್ದೆಗೆ ಒಯ್ಯುವ ಕಡುಬಿಗೆ ಕುಂಬಳಕಾಯಿ ಬೇಕು. ಇಡೀ ಕಾಯಿಯನ್ನು ಮೊದಲು ಗಂಡಸು ಒಡೆಯಬೇಕು, ಆಮೇಲಷ್ಟೇ ಹೆಂಗಸು ಹೆಚ್ಚಬೇಕು ಎನ್ನುವುದು ನಮ್ಮ ಕಡೆಯ ಪದ್ಧತಿ, ನಿನಗೂ ಗೊತ್ತು. ಮನೆಯಲ್ಲಿ ಗಂಡಸಿಲ್ಲ. ಕೇರಿಯ ಗಂಡಸರೆಲ್ಲ ತಂತಮ್ಮ ಗದ್ದೆಯ ಪೂಜೆಗೆ ಅಣಿ ಮಾಡಲು ಹೋಗಿದ್ದರು. ಅವ್ವ ಕತ್ತಿ ತೆಗೆದುಕೊಂಡು ತಾನೇ ಒಡೆದಳು. ಬಸುರಿ ಭೂಮಿಗೆ ಬಯಕೆಯ ಊಟ ತಪ್ಪಬಾರದು ಎಂದು ಒಡೆದಳು. ಹುಣ್ಣಿಮೆ ಕಳೆದ ವಾರದಲ್ಲಿ ನಮ್ಮ ಕೆಂಪೆತ್ತಿಗೆ ಹಾವು ಕಡಿಯಿತು. ಅಜ್ಜಿ ಅಂಗಳದಲ್ಲಿ ನಿಂತು, "ಹೆಣ್ಣು ಕುಂಬಳಕಾಯಿ ಒಡೆದ ಮನೇಲಿ ಎತ್ತು ಉಳಿತದಾ?" ಎಂದು ಊರಿಗೆಲ್ಲ ಕೇಳುವ ಹಾಗೆ ಕೂಗಿದಳು. ಊರಿನವರೂ ಅದನ್ನೇ ಹಾಡಿದರು. ಅಪ್ಪ ಜಗಲಿಯ ಕಂಬಕ್ಕೆ ಒರಗಿ ಕೂತು ಅಡಿಕೆ ಅಗಿಯುತ್ತಿದ್ದ. ಒಂದು ಮಾತೂ ಆಡಲಿಲ್ಲ. ಅವ್ವಾ, ನೀನು ಗಂಟು ಕಟ್ಟಿಕೊಂಡು ಹೊರಟದ್ದು ಅಜ್ಜಿಯ ಮಾತಿಗಲ್ಲ, ಆ ಅಡಿಕೆ ಅಗಿಯುವ ಸದ್ದಿಗೆ. ಅದು ನನಗೆ ಅವತ್ತೇ ಗೊತ್ತಾಗಿತ್ತು.

ನೀನು ಹೋದ ಮೇಲೆ ನಾನು ಸುಮ್ಮನೆ ಅಳುತ್ತ ಕೂರಲಿಲ್ಲ. ಓದಿದೆ. ಗ್ರಾಮಸೇವಕ ಲೋಕಪ್ಪನವರು ಬ್ಲಾಕ್ ಆಫೀಸಿನಿಂದ ತರುವ ಕರಪತ್ರಗಳಿವೆಯಲ್ಲ, ಊರಿನವರು ಬೀಡಿ ಹಚ್ಚಲು, ಬೆಲ್ಲ ಕಟ್ಟಲು ಇಟ್ಟುಕೊಳ್ಳುತ್ತಾರೆ. ನಾನು ಗೊಬ್ಬರದ್ದು, ಸೊಳ್ಳೆಯದ್ದು, ಹೆರಿಗೆಯದ್ದು, ಸಂವಿಧಾನದ್ದು ಎಲ್ಲ ಓದಿದೆ. ಸಂವಿಧಾನದ್ದರಲ್ಲಿ ಗಂಡು ಹೆಣ್ಣು ಒಂದೇ ಎಂದು ಬರೆದಿದೆ. ಹೋದ ವರ್ಷದ ಚುನಾವಣೆಯಲ್ಲಿ ನೀನು ಸರದಿಯಲ್ಲಿ ನಿಂತು ಪೆಟ್ಟಿಗೆಗೆ ಚೀಟಿ ಹಾಕಿ ಬಂದೆ. ಈ ದೇಶವನ್ನು ಯಾರು ಆಳಬೇಕೆಂದು ಹೇಳುವ ಕೈ ಒಂದು ಕುಂಬಳಕಾಯಿ ಒಡೆದರೆ ಎತ್ತು ಸಾಯುತ್ತದೆಯೇ? ಇದನ್ನು ನಾನು ಅಜ್ಜಿಗೆ ಕೇಳಿದೆ. "ಆ ಪೆಟ್ಟಿಗೇನ ತಗಂಡು ಹೋಗಿ ಕಡುಬು ಮಾಡು" ಎಂದಳು. ಹೀಗೆ ಮಾತಾಡುವವರ ಜೊತೆ ಮಾತಿನಲ್ಲಿ ಗೆಲ್ಲಲಾಗದು, ಕಾಯಿಯಲ್ಲೇ ಗೆಲ್ಲಬೇಕು ಎಂದು ಅವತ್ತು ನಿಶ್ಚಯ ಮಾಡಿದೆ. ದೀಪಾವಳಿಗೆ ಮೊದಲು ಆನವಟ್ಟಿಯಲ್ಲಿ ಬೆಳೆ ಪ್ರದರ್ಶನವಿದೆ, ಎಲ್ಲಕ್ಕಿಂತ ದೊಡ್ಡ ಕುಂಬಳಕ್ಕೆ ಬಹುಮಾನವಿದೆ ಎಂದು ಲೋಕಪ್ಪನವರು ಹೇಳಿದ್ದರು. ಅಪ್ಪನ ಎದುರು ನಿಂತು ಪಂಥ ಹಾಕಿದೆ. ಕುಂಬಳದ ಬಳ್ಳಿಗೆ ಏನೇನು ಮಾಡಬಾರದೆಂದು ನೀವು ಹೇಳುತ್ತೀರೋ ಅದನ್ನೆಲ್ಲ ಮಾಡಿಯೇ ಬೆಳೆಸುತ್ತೇನೆ, ನನ್ನ ಕಾಯಿ ಮೊದಲನೆಯದಾಗಿ ಬಂದರೆ ನೀನೇ ಉಳವಿಗೆ ಹೋಗಿ ಅವ್ವನನ್ನು ಬಾಯಿ ಬಿಟ್ಟು ಕರೆಯಬೇಕು ಎಂದೆ. ಅಪ್ಪ ಸುಣ್ಣದ ಡಬ್ಬಿ ನೋಡಿದ. ಉತ್ತರ ಕೊಟ್ಟವಳು ಅಜ್ಜಿ. "ಆತು, ಬೆಳಿಯೇ ನೋಡನ. ಮೊದಲು ಹೀಚು ನಿಲ್ಲಲಿ."

ಹಿತ್ತಿಲಲ್ಲಿ ನೀನು ಪಾತ್ರೆ ತೊಳೆಯುತ್ತಿದ್ದ ಕಲ್ಲಿನ ಪಕ್ಕ ಸೊಂಟದುದ್ದ ಗುಂಡಿ ತೋಡಿ ಸಗಣಿ, ಬೂದಿ, ಕೊಳೆತ ಸೊಪ್ಪು ತುಂಬಿದೆ. ನೀನು ಬೂದಿ ಹಚ್ಚಿ ಗಡಿಗೆಯಲ್ಲಿ ಕಟ್ಟಿಟ್ಟಿದ್ದ ಬೀಜ ಹಾಕಿದೆ. ಬಳ್ಳಿ ಹಬ್ಬಿತು. ಹೂವು ಬಿಟ್ಟಾಗ ಕರಪತ್ರದಲ್ಲಿ ಹೇಳಿದ ಹಾಗೆ ಬೆಳಿಗ್ಗೆ ಗಂಡು ಹೂವು ಕಿತ್ತು, ಎಸಳು ಸುಲಿದು, ಹೆಣ್ಣು ಹೂವಿನ ಒಳಗೆ ಮೆತ್ತಗೆ ತಾಗಿಸಿದೆ. ಬೇಲಿಯಾಚೆ ನೀರಿಗೆ ಹೋಗುತ್ತಿದ್ದ ದುರ್ಗಮ್ಮ ಅತ್ತೆ ಕೊಡ ಇಳಿಸಿ ನಿಂತು, "ಏನೇ ವನಜಾ, ನಿನಗೆ ಗಂಡು ನೋಡನ ಅಂದ್ರೆ ಹೂವಿಗೆ ಮದುವೆ ಮಾಡ್ತಾ ಕೂತಿಯಲ್ಲೇ" ಎಂದಳು. ವಾಲಗ ಊದಿಸಲು ನಿನ್ನನ್ನೇ ಕರೆಯುತ್ತೇನೆ ಅತ್ತೆ ಎಂದೆ. ಊರಿಗೆಲ್ಲ ಹೇಳಿಕೊಂಡು ನಕ್ಕಳು. ನಗಲಿ. ಹೀಚಿಗೆ ಬೆರಳು ತೋರಿಸಿದರೆ ಕೊಳೆಯುತ್ತದೆ ಎನ್ನುತ್ತಾರಲ್ಲ, ತೋರಿಸುವುದಾದರೆ ಬೆರಳು ಮಡಚಿ ತೋರಿಸಬೇಕು ಎನ್ನುತ್ತಾರಲ್ಲ, ನಾನು ದಿನಾ ಬೆಳಿಗ್ಗೆ ಹೋಗಿ ಬೆರಳು ನೆಟ್ಟಗೆ ಚಾಚಿ ತೋರಿಸಿ ಬರುತ್ತಿದ್ದೆ. ಹೊರಗಾದ ದಿನಗಳಲ್ಲೂ ನಾನೇ ನೀರು ಹಾಕಿದೆ. ಮಾವಾ, ನಾಚಬೇಡ, ಓದು.

ಮೊದಲನೆಯ ಹೀಚು ಕೊಳೆಯಿತು. ನಿನ್ನಿಂದ ಮುಚ್ಚಿಡುವುದಿಲ್ಲ. ಮುಷ್ಟಿಗಿಂತ ದೊಡ್ಡದಾಗಿ ಹಳದಿ ತಿರುಗಿ ಮೆತ್ತಗಾಯಿತು. ಅಜ್ಜಿ ಅದನ್ನು ಮೊರದಲ್ಲಿಟ್ಟುಕೊಂಡು ಕೇರಿಯ ಮನೆಮನೆಗೆ ಹೋಗಿ ತೋರಿಸಿದಳು, ಮೊಮ್ಮಗನ ಜಾವಳ ತೋರಿಸುವ ಹಾಗೆ. ನಾನು ಹಿಂದೆಯೇ ಹೋಗಿ ಎಲ್ಲರ ಎದುರು ಅದನ್ನು ಸೀಳಿದೆ. ಒಳಗೆ ಬಿಳಿ ಹುಳ ಮಿಜಿಮಿಜಿ ಅನ್ನುತ್ತಿತ್ತು. ಇದು ನೊಣ ಇಟ್ಟ ಮೊಟ್ಟೆ, ನನ್ನ ಬೆರಳು ಮೊಟ್ಟೆ ಇಡುವುದಿಲ್ಲ ಎಂದೆ. ಯಾರೂ ಒಪ್ಪಲಿಲ್ಲ. ಮುಂದಿನ ಹೀಚಿಗೆ ಹಳೆ ಸೀರೆಯ ಚೂರು ಸುತ್ತಿದೆ. ನಿನ್ನದೇ, ಆ ಹಸಿರು ಗೆರೆಯ ಸೀರೆ. ಬಳ್ಳಿಯ ಉಳಿದ ಕಾಯಿಗಳನ್ನೆಲ್ಲ ಕಿತ್ತೆ. ಅದು ನಿಂತಿತು, ಬೆಳೆಯಿತು ಅವ್ವಾ. ಗಡಿಗೆಯಷ್ಟಾಯಿತು, ಹಂಡೆಯಷ್ಟಾಯಿತು. ಕೆಳಗೆ ಹುಲ್ಲು ಹಾಸಿದೆ. ಮಳೆ ಜೋರಾದ ದಿನ ಹೋಗಿ ನೋಡುತ್ತೇನೆ, ಕಾಯಿಯ ಮೇಲೆ ಮಳೆಗೆ ಹೊದೆಯುವ ಗೊರಬು ಕವುಚಿದೆ. ನಾನು ಹಾಕಿದ್ದಲ್ಲ. ಅಜ್ಜಿ ಹಾಕುವವಳಲ್ಲ. ಅಪ್ಪ ನೆನೆದುಕೊಂಡು ಗದ್ದೆಯಿಂದ ಬಂದ. ಗೊರಬು ಎಲ್ಲಿ ಎಂದು ಅಜ್ಜಿ ಕೇಳಿದರೆ ಮರೆತೆ ಎಂದ.

ಭಾನುವಾರ ಗಾಡಿಗೆ ಹುಲ್ಲು ತುಂಬಿ, ನಾಲ್ಕು ಜನ ಸೇರಿ ಕಾಯಿ ಎತ್ತಿಟ್ಟು, ಅಪ್ಪ ಗಾಡಿ ಹೊಡೆದ. ಕಾಯಿ ಉರುಳದ ಹಾಗೆ ಅದನ್ನು ತಬ್ಬಿಕೊಂಡು ನಾನು ಕೂತಿದ್ದೆ. ಆನವಟ್ಟಿಯ ಶಾಲೆಯ ಬಯಲಲ್ಲಿ ಚಪ್ಪರ ಹಾಕಿದ್ದರು. ಎಷ್ಟೋ ಊರಿನ ಕಾಯಿಗಳು ಬಂದಿದ್ದವು. ಪ್ರತಿ ಸಲ ಬಹುಮಾನ ಒಯ್ಯುವ ಶಾಂತವೀರಪ್ಪ ಗೌಡರ ಕಾಯಿಗೆ ರುಮಾಲು ಬೇರೆ ಸುತ್ತಿದ್ದರು. ತೂಕದ ಕಲ್ಲು ಸಾಲದೆ ತಕ್ಕಡಿಯ ಒಂದು ಕಡೆ ಅಕ್ಕಿ ಮೂಟೆ ಇಟ್ಟರು. ಗೌಡರ ಕಾಯಿಗೆ ಮೂಟೆ ಅಲ್ಲಾಡಲಿಲ್ಲ. ನಮ್ಮ ಕಾಯಿ ಇಟ್ಟರು, ಮೂಟೆ ನೆಲ ಬಿಟ್ಟಿತು. ಜನ ಹೋ ಎಂದರು. ನಾನು ಅಪ್ಪನ ಮುಖ ನೋಡಿದೆ. ಪಂಥ ಗೆದ್ದೆ ಎಂದುಕೊಂಡೆ.

ಆಗ ಗೌಡರು ಎದ್ದರು. "ಹೆಣ್ಣುಮಗಳು ಇಂಥಾ ಕಾಯಿ ಬೆಳಿತಾಳೇನ್ರೀ ಸಾಹೇಬ್ರೇ? ತೊಟ್ಟಿನ ಹತ್ರ ಕೊರೆದು ಮರಳು ತುಂಬಿ ಮೇಣ ಮೆತ್ತಿರಬೇಕು. ಒಡೆಸಿ ನೋಡ್ರಿ. ಬೇಕಾರೆ ನಂದೂ ಒಡಿತೀನಿ" ಎಂದವರೇ ತಮ್ಮದನ್ನು ಅಲ್ಲೇ ಎರಡು ಹೋಳು ಮಾಡಿದರು. ತೀರ್ಪು ಹೇಳಲು ಕೂತಿದ್ದ ಬ್ಲಾಕಿನ ಸಾಹೇಬರು ತಕರಾರು ಬಂದ ಮೇಲೆ ಒಡೆಯದೆ ಮೊದಲ ಬಹುಮಾನ ಕೊಡಲಾಗದು ಎಂದರು. ಇರಲಿ, ಕತ್ತಿ ಕೊಡಿ, ನಾನೇ ಒಡೆಯುತ್ತೇನೆ ಎಂದು ಕೈ ಚಾಚಿದೆ. ಇಷ್ಟು ಜನರ ಎದುರು ಒಡೆಯುವ ಅವಕಾಶ ಸಿಕ್ಕಿತಲ್ಲ ಎಂದು ಒಳಗೊಳಗೇ ಕುಣಿದೆ. ಜನರಲ್ಲಿ ಗದ್ದಲ ಎದ್ದಿತು. "ಏಯ್, ಹೆಣ್ಣು ಒಡಿಬಾರದು!" "ಆಕಿ ಅವ್ವ ಒಡೆದು ಎತ್ತು ತಿಂದಳು, ಈಕಿ ಊರೇ ತಿಂತಾಳೆ!" ಗೌಡರು ಕತ್ತಿಯನ್ನು ಅಪ್ಪನ ಕೈಗೇ ಕೊಟ್ಟರು. "ಜಟ್ಟಪ್ಪಾ, ಗಂಡಸು ನೀನಿದೀಯಲ್ಲ, ಒಡಿಯೋ ಮಾರಾಯ."

ಅಪ್ಪ ಕತ್ತಿ ಹಿಡಿದುಕೊಂಡು ಕಾಯಿಯ ಹತ್ತಿರ ಬಂದ. ಅವ್ವಾ, ಅವನು ಒಡೆದುಬಿಡುತ್ತಾನೆ, ಪದ್ಧತಿ ಉಳಿಯಿತು ಎನ್ನುತ್ತಾರೆ, ಬಹುಮಾನ ಬಂದರೂ ನಾನು ಸೋತ ಹಾಗೆಯೇ ಎಂದುಕೊಂಡೆ. ಅಪ್ಪ ಕಾಯಿಯನ್ನು ಅಂಗೈಯಿಂದ ಒಂದು ಸಲ ಒರೆಸಿದ. ಆಮೇಲೆ ಕತ್ತಿಯನ್ನು ಗೌಡರ ಕಾಲ ಹತ್ತಿರ ನೆಲದ ಮೇಲಿಟ್ಟ. ಬಾಯಲ್ಲಿದ್ದ ಅಡಿಕೆ ಉಗುಳಿ ಬಂದು, "ಇದನ್ನ ಒಡಿಯೋಳು ಊರಾಗಿಲ್ಲ" ಎಂದ. ಅಷ್ಟೇ. ಸಾಹೇಬರಿಗೆ ತಿಳಿಯಲಿಲ್ಲ. "ಯಾರ್ರೀ ಅವರು?" ಎಂದು ಕೇಳಿದರು. "ನನ್ನ ಹೆಂಡ್ತಿ" ಎಂದ. ಇಡೀ ಬಯಲಿಗೆ ಕೇಳುವ ಹಾಗೆ ಎಂದ. ಯಾರೋ ನಕ್ಕರು. ಅಪ್ಪ ನಕ್ಕ ಕಡೆ ತಿರುಗಿ ನೋಡಿದ, ನಗು ನಿಂತಿತು.

ಮೊದಲ ಬಹುಮಾನದ ಕಬ್ಬಿಣದ ನೇಗಿಲು ಗೌಡರಿಗೆ ಹೋಯಿತು. ನಮಗೆ ಎರಡನೆಯದು, ಒಂದು ಗುದ್ದಲಿ. ಅದನ್ನೂ ಬೇಡ ಎನ್ನುವವಳಿದ್ದೆ, ಲೋಕಪ್ಪನವರು ಒತ್ತಾಯದಿಂದ ಗಾಡಿಗೆ ಹಾಕಿದರು. ದಾರಿಯಲ್ಲಿ ನಾನು ಅಪ್ಪನ ಮೇಲೆ ಕೂಗಾಡಿದೆ. ನನ್ನ ಕೈಗೆ ಕತ್ತಿ ಕೊಟ್ಟಿದ್ದರೆ ಗೆಲ್ಲುತ್ತಿದ್ದೆ, ಅವ್ವನನ್ನು ನೀನು ಕರೆಯಬೇಕಾಗುತ್ತಿತ್ತು, ಅದಕ್ಕೇ ಹೀಗೆ ಮಾಡಿದೆ ಎಂದೆ. ಅವನು ಎತ್ತಿನ ಬಾಲ ನೋಡಿಕೊಂಡು ಗಾಡಿ ಹೊಡೆದ. ಕೆರೆ ಏರಿ ದಾಟಿದ ಮೇಲೆ, "ನೀ ಒಡೆದಿದ್ರೆ ನೀ ಗೆದ್ದಂಗಾಗತಿತ್ತು. ಆಕಿ?" ಎಂದ. ಮನೆ ಬರುವವರೆಗೆ ಕಾಯಿ ತಬ್ಬಿಕೊಂಡು ಕೂತೆ.

ಅಜ್ಜಿ ಈಗ ಹಿಡಿದ ಪಟ್ಟು ಏನೆಂದರೆ, ಕಾಯಿ ಎರಡನೆಯದಾಗಿ ಬಂತು, ಪಂಥ ಬಿದ್ದುಹೋಯಿತು, ಯಾರೂ ಉಳವಿಗೆ ಹೋಗಬೇಕಾಗಿಲ್ಲ. ತಕ್ಕಡಿ ಏನು ಹೇಳಿತೆಂದು ಅಲ್ಲಿದ್ದವರಿಗೆಲ್ಲ ಗೊತ್ತು, ನಾನು ಸೋಲು ಒಪ್ಪುವುದಿಲ್ಲ ಎಂದೆ. ದಿನಾ ಇದೇ ಜಗಳ. ಕಾಯಿ ಪಡಸಾಲೆಯಲ್ಲಿದೆ. ಹೋಗಿಬರುವವರೆಲ್ಲ ಅದನ್ನು ಸುತ್ತಿಕೊಂಡು ನಡೆಯಬೇಕು. ಅಜ್ಜಿ ಬೈಯುತ್ತಾಳೆ, ಬೈದು ಸಾಕಾದ ಮೇಲೆ ಅದಕ್ಕೇ ಒರಗಿ ಕೂತು ಬತ್ತಿ ಹೊಸೆಯುತ್ತಾಳೆ. ದೃಷ್ಟಿಯಾಗದಿರಲಿ ಎಂದು ತೊಟ್ಟಿಗೆ ಕರಿ ದಾರ ಕಟ್ಟಿದವಳೂ ಅವಳೇ. ದುರ್ಗಮ್ಮ ಅತ್ತೆ ಒಂದು ಹೋಳು ಕೊಡೇ ಎಂದು ಕೇಳಿದಳು. ಅವ್ವ ಬಂದು ಒಡೆದರೆ ಮೊದಲ ಹೋಳು ನಿನಗೇ ಅತ್ತೆ, ತಿನ್ನುವ ಧೈರ್ಯ ಇದ್ದರೆ ಬಾ ಎಂದೆ. ಬರುತ್ತೇನೆ ಎಂದಿದ್ದಾಳೆ.

ಕಾಗದ ಉದ್ದವಾಯಿತು. ಮಂಡಿ ಜೋಪಾನ. ಉಳವಿಯ ಅಜ್ಜಿಗೆ ನನ್ನ ದಂಡ ಪ್ರಣಾಮ, ಮಾವನ ಮಕ್ಕಳಿಗೆ ಮುತ್ತು. ನನಗೆ ಆಶೀರ್ವಾದ ಮಾಡು, ಆದರೆ ತಗ್ಗಿ ಬಗ್ಗಿ ನಡಿ ಎಂದು ಮಾತ್ರ ಆಶೀರ್ವದಿಸಬೇಡ. ಅದು ನನಗೆ ಫಲಿಸುವುದಿಲ್ಲ.

ನಿನ್ನ ಮಗಳು,
ವನಜ

ತಾ.ಕ.: ಅವಸರದಲ್ಲಿ ಬರೆಯುತ್ತಿದ್ದೇನೆ. ನಾಳೆ ಅಂಚೆಗೆ ಹಾಕಬೇಕೆಂದು ಕಾಗದ ಮಡಚುತ್ತಿದ್ದೆ. ಅಪ್ಪ ಬಂದು ಕೈ ಚಾಚಿ, "ಅಂಚೆ ಯಾಕೆ, ಕೊಡಿಲ್ಲಿ, ನಾನೇ ಆ ಕಡೆ ಹೊಂಟೀನಿ" ಎಂದ. ಬಿಳಿ ಅಂಗಿ ಹಾಕಿಕೊಂಡಿದ್ದಾನೆ. ಯಾಕೆ ಎಂದು ಕೇಳಿದರೆ ಹುರುಳಿ ಬೀಜಕ್ಕೆ ಅಂತೆ. ನಮ್ಮ ಅಟ್ಟದ ತುಂಬ ಹುರುಳಿ ಬೀಜವಿದೆ, ಅವ್ವಾ. ಅವನಿಗೆ ಓದಲು ಬಾರದು, ಆದ್ದರಿಂದ ಧೈರ್ಯವಾಗಿ ಬರೆಯುತ್ತೇನೆ. ಮಾವಾ, ಇದನ್ನು ಮಾತ್ರ ಅವನ ಕಿವಿಗೆ ಬೀಳದ ಹಾಗೆ ಓದು. ಅವನು ನಿನ್ನ ಎದುರು ನಿಂತು ಮಳೆ, ಬೆಳೆ, ಎಮ್ಮೆ ಎಂದು ಸುತ್ತಿ ಬಳಸಿ ಮಾತಾಡುತ್ತಾನೆ. ಸೋಲಬೇಡ. ಬಾ ಎಂದು ಬಾಯಿಬಿಟ್ಟು ಕರೆಯುವವರೆಗೆ ಗಂಟು ಕಟ್ಟಬೇಡ. ಆನವಟ್ಟಿಯ ಬಯಲಲ್ಲಿ ಮಾತಾಡಿದವನಿಗೆ ಉಳವಿಯ ಅಂಗಳದಲ್ಲಿ ಮಾತಾಡಲು ಬರುತ್ತದೆ. ಕರೆದ ಮೇಲೆ ಮಾತ್ರ ತಡ ಮಾಡಬೇಡ. ಸೋಮವಾರ ಭೂಮಿ ಹುಣ್ಣಿಮೆ. ಕತ್ತಿ ಮಸೆದಿಟ್ಟಿದ್ದೇನೆ.