ಮೊದಲ ಸಾವಿರ ಕಿಲೋಮೀಟರು

11 ಜೂನ್ 2000, ಭಾನುವಾರ. ಬೆಳಿಗ್ಗೆ 9.30

ಹೊಸ ಕಾರಿನ ಮೀಟರ್ 340. ಇವತ್ತೂ ಕೊಟ್ಟೂರಿನಿಂದ ಕೂಡ್ಲಿಗಿ, ಅಲ್ಲಿಂದ ವಾಪಸ್ ಮನೆ. ಐವತ್ತು ದಾಟಲಿಲ್ಲ. ಒಮ್ಮೆ ಮಾತ್ರ ಐವತ್ತೆರಡು – ಇಳಿಜಾರು. ಇವರು ಪಕ್ಕದಲ್ಲಿ ಕೂತು ಸ್ಪೀಡಿನ ಮುಳ್ಳು ನೋಡುತ್ತಾರೆ. ನಾನು ರಸ್ತೆ ನೋಡುತ್ತೇನೆ, ಇವರ ಕೈ ನೋಡುತ್ತೇನೆ, ಮತ್ತೆ ರಸ್ತೆ.

ಎರಡೇ ಸೀಟು. ಕೆಂಪು. ಎಷ್ಟು ತಗ್ಗು ಎಂದರೆ ಹಂಪ್ ಬಂದಾಗಲೆಲ್ಲ ಕಾರಿನ ಹೊಟ್ಟೆ ಕೆರೆಯುವ ಸದ್ದು ನನ್ನ ಹಲ್ಲಿಗೆ ತಾಗುತ್ತದೆ. ಇಪ್ಪತ್ತು ವರ್ಷ ದಲಾಲಿ ಅಂಗಡಿಯ ಗಾದಿ ಬಿಟ್ಟು ಏಳದವರಿಗೆ ಇದೊಂದು ಆಸೆ ಇತ್ತು. ಜನವರಿಯಲ್ಲಿ ಬುಕ್ ಮಾಡಿದರು. ಏಪ್ರಿಲ್ 22ಕ್ಕೆ, ಊಟಕ್ಕೆ ಕೂತಾಗ, ಫಿಟ್ಸ್ ಬಂತು. ಮೇ ಕೊನೆಗೆ ಕಾರು ಬಂತು. ದಾವಣಗೆರೆಯ ಡಾಕ್ಟರು ಸ್ಪಷ್ಟವಾಗಿ ಹೇಳಿದ್ದಾರೆ – ಗುಳಿಗೆ ತಪ್ಪಿಸಬಾರದು, ಆರು ತಿಂಗಳು ಸ್ಟೀರಿಂಗ್ ಮುಟ್ಟಬಾರದು. ನಡುವೆ ಮತ್ತೆ ಬಂದರೆ ಆರು ತಿಂಗಳು ಮೊದಲಿನಿಂದ. ಈಗಿನ ಲೆಕ್ಕಕ್ಕೆ ಅಕ್ಟೋಬರ್ 22ರವರೆಗೆ.

ಊರಿಗೆ ಗೊತ್ತಿಲ್ಲ. ಹೊಸ ಇಂಜಿನ್ ಪಳಗಿಸಲು ಹಗುರ ಕಾಲು ಬೇಕು, ಅದಕ್ಕೇ ಹೆಂಡತಿಗೆ ಕೊಟ್ಟಿದ್ದೇನೆ ಎಂದು ಮಾರ್ಕೆಟ್‌ನಲ್ಲಿ ಹೇಳಿಕೊಂಡು ಬಂದಿದ್ದಾರೆ. ಜನ ನಂಬಿದ್ದಾರೆ. ನಗುತ್ತಲೂ ಇದ್ದಾರೆ.

ನಾನು ಹಾರ್ನ್ ಹೊಡೆಯುವುದಿಲ್ಲ ಎಂದು ಇವರಿಗೆ ಸಿಟ್ಟು. ಎಡಗಡೆ ಸೀಟಿನಿಂದ ಕೈ ಚಾಚಿ ತಾವೇ ಒತ್ತುತ್ತಾರೆ. ಬೆಲ್ಟು ಹಿಂದಕ್ಕೆ ಎಳೆಯುತ್ತದೆ, ಬೆರಳ ತುದಿ ಮಾತ್ರ ತಾಗುತ್ತದೆ. ಅರ್ಧ ಹಾರ್ನ್. ಕುರಿಗಳೂ ಕದಲುವುದಿಲ್ಲ.

13 ಜೂನ್, ಮಂಗಳವಾರ

ಸುಳ್ಳು ಹೇಳಿದೆ.

ಸಂಜೆ ಚಹಾ ಕುಡಿಯುವಾಗ ಮ್ಯಾನ್ಯುಅಲ್ ತಂದುಕೊಟ್ಟು, ಈ ರನ್ನಿಂಗ್-ಇನ್ ಎಲ್ಲಿಯವರೆಗೆ ಅಂತ ಓದು ಎಂದರು. ಪುಟ ಏಳು. ಮೊದಲ 1000 ಕಿಲೋಮೀಟರು ಮೆಲ್ಲಗೆ, ಆಮೇಲೆ ಆಯಿಲ್ ಬದಲಿಸಿ ಬೇಕಾದಂತೆ ಓಡಿಸಬಹುದು. ನಾನು ಬಾಯಿ ತೆರೆಯುವ ಮೊದಲೇ ಇವರೇ ಹೇಳಿದರು: "ಅದು ಮುಗೀತಂದ್ರ ನಾ ಹಿಡೀತೀನಿ. ಇಂಜಿನ್ ಪಳಗಿದ್ ಮ್ಯಾಲೂ ಹೆಂಡ್ತಿ ಕೈಯಾಗ ಬಿಟ್ಟು ಕುಂತ್ರ ಮಂದಿ ಏನಂತಾರ?"

ಎರಡು ಸಾವಿರ ಎಂದು ಓದಿದೆ. ಸಾವಿರಕ್ಕೆ ಆಯಿಲ್, ಎರಡು ಸಾವಿರದವರೆಗೆ ಮೆಲ್ಲಗೆ. ದನಿ ನಡುಗಲಿಲ್ಲ. ಬಳ್ಳಾರಿಯ ಕಾನ್ವೆಂಟ್‌ನಲ್ಲಿ ರೀಡಿಂಗ್‌ಗೆ ಬಹುಮಾನ ಪಡೆದವಳು. ಇವರು ಪುಸ್ತಕ ತೆಗೆದುಕೊಂಡರು. ಆ ಪುಟದ ಮೇಲೆ ಹೆಬ್ಬೆರಳು ಇಟ್ಟು ಸ್ವಲ್ಪ ಹೊತ್ತು ನೋಡಿ, ಗೂಡಿನಲ್ಲಿಟ್ಟರು.

ಇವರು ಓದಿದ್ದು ಕನ್ನಡ ಶಾಲೆ, ಏಳನೇ ಕ್ಲಾಸು. ಅದನ್ನು ನಾನು ಬಳಸಿಕೊಂಡೆ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಇದೇ ಮೊದಲ ಸಲವೇ? ಹೌದು ಎಂದು ಬರೆಯಲು ಆಗುತ್ತಿಲ್ಲ.

ವಾರಕ್ಕೆ ತೊಂಬತ್ತು ಮೀರದಿದ್ದರೆ ಅಕ್ಟೋಬರ್ ಮುಟ್ಟಬಹುದು.

2 ಜುಲೈ, ಭಾನುವಾರ

690. ತೊಂಬತ್ತು ಎಲ್ಲಿಯ ಮಾತು. ಹೊಸ ಗಾಡಿಯನ್ನು ಹೆಣ್ಣುಮಕ್ಕಳ ಮನೆಗೆಲ್ಲ ಮುಟ್ಟಿಸಬೇಕು, ಒಂದು ಮನೆ ಬಿಟ್ಟರೂ ಹತ್ತು ವರ್ಷ ಮಾತು. ಕಳೆದ ವಾರ ಹಗರಿಬೊಮ್ಮನಹಳ್ಳಿ. ಇವತ್ತು ಹರಪನಹಳ್ಳಿ ದಾಟಿ ತೆಲಿಗಿ, ನಾದಿನಿ ಪುಷ್ಪಲತಾಳ ಮನೆ. ಬಾಗಿಲಲ್ಲೇ ನಿಂತಿದ್ದಳು. "ಏನತ್ತಿಗಿ, ಹರಪನಹಳ್ಳಿಯಿಂದ ಇಲ್ಲಿಗೆ ಬರಾಕ ಇಷ್ಟ್ ಹೊತ್ತಾ? ನಿಮ್ ಹಿಂದಿದ್ದ ಟ್ರ್ಯಾಕ್ಟರ್‌ನವ ಆಗ್ಲೇ ಬಂದು ಉಂಡು ಮಲಗ್ಯಾನ."

ಬಾನೆಟ್‌ಗೆ ಕುಂಕುಮ, ತೆಂಗಿನಕಾಯಿ. ಗಾಲಿಗಳಿಗೆ ನಾಲ್ಕು ನಿಂಬೆಹಣ್ಣು. ನಾನು ಸ್ಟೀರಿಂಗ್ ಕಡೆ ಹೊರಟೆ. ಪುಷ್ಪಲತಾ ಕೈ ಹಿಡಿದಳು. ನಿಂಬೆಹಣ್ಣನ್ನು ಯಜಮಾನನೇ ತುಳಿಸಬೇಕಂತೆ. ಬೇಡ ಎಂದರೆ ಏಕೆ ಎಂದು ಹೇಳಬೇಕು. ಅಂಗಳದಲ್ಲಿ ಮಕ್ಕಳು, ಮುಂದೆ ಹತ್ತಡಿ ಬಿಟ್ಟು ಗೋಡೆ. ಮಕ್ಕಳನ್ನೆಲ್ಲ ಕಟ್ಟೆ ಹತ್ತಿಸಿ, ಎಡಗಡೆ ಕೂತು ಹ್ಯಾಂಡ್‌ಬ್ರೇಕ್ ಮೇಲೆ ಕೈಯಿಟ್ಟೆ. ಇವರು ಅದನ್ನು ನೋಡಿದರು. ನಾಲ್ಕಡಿ ಹೋಗಿ ನಿಲ್ಲಿಸಿದರು. ಹಣೆಯಲ್ಲಿ ಬೆವರು.

ಮತ್ತೆ ನಾನು ಬಲಗಡೆ ಕೂತಾಗ ಸಮಾಧಾನವಾಯಿತು. ಇವರ ಸಲುವಾಗಿಯೇ? ಪೂರ್ತಿ ಅಲ್ಲ. ಮೂರನೇ ಗೇರಿನಲ್ಲಿ ಈ ಇಂಜಿನ್ ಗುನುಗುವುದು ನನಗೆ ಇಷ್ಟ. ಇದನ್ನು ಇಲ್ಲಿ ಬಿಟ್ಟು ಬೇರೆಲ್ಲೂ ಹೇಳಲಾರೆ.

16 ಜುಲೈ, ಭಾನುವಾರ

1004. ಆಯಿಲ್ ಚೇಂಜ್. ನಮ್ಮ ಹಳೇ ಜೀಪನ್ನು ನೋಡಿಕೊಳ್ಳುವ ಮೆಕ್ಯಾನಿಕ್ ಏಕಾಂತಪ್ಪನ ಕಡೆಗೇ ಹೋದೆವು. ಕಿವಿಗೊಟ್ಟು ಇಂಜಿನ್ ಕೇಳಿ, ಎದ್ದು ಕೈ ಒರೆಸಿಕೊಂಡ. "ಪಳಗೈತ್ರಿ ಸಾವ್ಕಾರ್ರ. ಇನ್ನ ಬಿಡ್ರಿ ಇದನ್ನ. ಹಿಂಗ ಐವತ್ತರಾಗ ಹಿಡಕಂಡು ಹೊಂಟ್ರ ಪಿಸ್ಟನ್ ರಿಂಗು ಸರಿಯಾಗಿ ಕೂಡಂಗಿಲ್ಲ, ಮುಂದ ಆಯಿಲ್ ಕುಡೀತೈತಿ."

ಇವರು ಅವನನ್ನೇ ಬೈದರು.

"ಎರಡ್ ಸಾವ್ರ ಅಂತ ಬರ್ದಾರಲೇ ಪುಸ್ತಕದಾಗ. ನಮ್ಮಾಕಿ ಇಂಗ್ಲಿಷ್ ಓದ್ಯಾಳ. ನೀ ಏನ್ ಓದೀದಿ?"

ಏಕಾಂತಪ್ಪ ನನ್ನ ಕಡೆ ನೋಡಿ ನಕ್ಕ. ನಾನು ಆಯಿಲ್ ಡಬ್ಬಿಯ ಮೇಲಿನ ಅಕ್ಷರ ಓದುತ್ತಾ ನಿಂತೆ. ಸುಳ್ಳಿಗಿಂತ ಇವರ ಈ ನಂಬಿಕೆ ಹೆಚ್ಚು ನೋಯಿಸಿತು. ಮತ್ತೆ ಇಂಜಿನ್ನನ್ನೂ ಕೆಡಿಸುತ್ತಿದ್ದೇನೆ.

6 ಆಗಸ್ಟ್, ಭಾನುವಾರ. ಮಧ್ಯಾಹ್ನ

1310. ಹಡಗಲಿಯಿಂದ ಬರುತ್ತಿದ್ದೆವು. ಇವರ ತೊಡೆಯ ಮೇಲೆ ಮಲ್ಲಿಗೆಯ ಪೊಟ್ಟಣ. ಈ ಸಲ ಶೇಂಗಾ ಹೇಗೆ ಬರಬಹುದೆಂದು ಹೇಳುತ್ತಿದ್ದರು. ಮಾತು ನಿಂತಿತು. ನೋಡಿದೆ. ಕಣ್ಣು ತೆರೆದೇ ಇತ್ತು. ತುಟಿ ಚಪ್ಪರಿಸುತ್ತಿದ್ದರು. ಬೆರಳು ಪೊಟ್ಟಣದ ಎಲೆಯನ್ನು ತಿಕ್ಕುತ್ತಿತ್ತು, ತಿಕ್ಕುತ್ತಲೇ ಇತ್ತು. ಹೆಸರು ಹಿಡಿದು ಕರೆದೆ – ಗಂಗಾಧರ್ ಎಂದು, ಮೊದಲ ಸಲ. ಕೇಳಿಸಲಿಲ್ಲ. ಬದಿಗೆ ನಿಲ್ಲಿಸುತ್ತಾ ಎಣಿಸಿದೆ. ಹದಿನೈದು ಸೆಕೆಂಡು.

ಆಮೇಲೆ ಇವರು, ಯಾಕ ನಿಂದ್ರಿಸಿದಿ ಎಂದರು. ಟೈರ್ ಸದ್ದು ಬಂದ ಹಾಗಾಯಿತು ಎಂದೆ. ಇಳಿದು ನಾಲ್ಕೂ ಟೈರ್ ಒದ್ದು ನೋಡಿ ಬಂದರು.

ಇವರಿಗೆ ಗೊತ್ತೇ ಇಲ್ಲ.

9 ಆಗಸ್ಟ್, ಬುಧವಾರ

ಇವರು ಅಂಗಡಿಗೆ ಹೋದ ಮೇಲೆ ಡಾಕ್ಟರಿಗೆ ಫೋನ್ ಮಾಡಿದೆ. ಅದೂ ಫಿಟ್ಸೇ. ಕರೆದುಕೊಂಡು ಬನ್ನಿ, ಗುಳಿಗೆ ಬದಲಿಸಬೇಕಾಗಬಹುದು, ಆರು ತಿಂಗಳು ಇಲ್ಲಿಂದ ಮತ್ತೆ ಶುರು ಎಂದರು. ಫೆಬ್ರವರಿ.

ಹೇಳಬೇಕು. ಸಂಜೆ ಹೇಳುತ್ತೇನೆ.

ಐದು ಸಾವಿರ ಎಂದು ಯಾವ ಪುಟದಲ್ಲಿ ಓದಲಿ?

13 ಆಗಸ್ಟ್, ಭಾನುವಾರ

1310. ಭುಜ ನೋವು ಎಂದೆ. ಕಾರು ಹೊರಗೆ ತೆಗೆಯಲಿಲ್ಲ. ಹೇಳಲೂ ಇಲ್ಲ.

20 ಆಗಸ್ಟ್, ಭಾನುವಾರ. ಬೆಳಿಗ್ಗೆ 7.40

ಹೇಳಿದೆ.

ಬೆಳಿಗ್ಗೆ ಎದ್ದವಳೇ ಗೇಟಿಗೆ ಬೀಗ ಹಾಕಿದೆ. ಆಮೇಲೆ ಮ್ಯಾನ್ಯುಅಲ್ ತಂದು ಇವರ ಮುಂದೆ ಇಟ್ಟೆ. ಪುಟ ಏಳರಲ್ಲಿ ಇರುವುದು ಸಾವಿರ, ನಾನು ಸುಳ್ಳು ಓದಿದೆ ಎಂದೆ.

"ಗೊತ್ತೈತಿ," ಎಂದರು. ಚಹಾ ಮುಗಿಸಿದರು. "ಅಂಗಡ್ಯಾಗ ದಿನಾ ತೂಕದ ಕಾಂಟಾ ನೋಡಾವ ನಾ. ಇಂಗ್ಲಿಷ್ ಬರಂಗಿಲ್ಲಂದ್ರ ಅಂಕಿನೂ ಬರಂಗಿಲ್ಲೇನು?"

ಒಂದು, ಮೂರು ಸೊನ್ನೆ. ಹೆಬ್ಬೆರಳಿನ ಕೆಳಗೇ ಇತ್ತು. ಇಷ್ಟು ಓದಿದವಳಿಗೆ ಅದು ಹೊಳೆಯಲಿಲ್ಲ. ಇಪ್ಪತ್ತೆರಡು ವರ್ಷ ಇವರನ್ನು ಏನೆಂದುಕೊಂಡಿದ್ದೆ?

ಮತ್ತೆ ಸುಮ್ಮನಿದ್ದದ್ದು ಯಾಕೆ ಎಂದು ಕೇಳಿದೆ. ನೆಲ ನೋಡುತ್ತಾ ಹೇಳಿದರು: "ನನಗೂ ಹೆದ್ರಿಕಿ ಐತಿ, ಸುಕನ್ಯಾ. ನೀ ಎರಡ್ ಸಾವ್ರ ಅಂದಿ, ನನಗ ಉಸಿರು ಬಂತು. ತೆಲಿಗಿಯಾಗ ನಾಕಡಿ ಹೋಗಾಕ ಜೀವ ಹೋತು."

ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಹಡಗಲಿ ರಸ್ತೆಯದು ಹೇಳಿದೆ, ಫೆಬ್ರವರಿಯದೂ. ಹದಿನೈದು ದಿನ ಮುಚ್ಚಿಟ್ಟಿದ್ದೂ.

ಎಷ್ಟು ಸೆಕೆಂಡು ಎಂದು ಎರಡು ಸಲ ಕೇಳಿದರು. ಅಂಗಡಿಯಲ್ಲಿ ಮಾಡುವ ಹಾಗೆ ಬಾಯೊಳಗೇ ಲೆಕ್ಕ ಹಾಕಿದರು. "ಐವತ್ತರಾಗ ಅಂದ್ರ ಇನ್ನೂರು ಮೀಟ್ರ ಮ್ಯಾಲೆ." ಕಿಟಕಿಯಿಂದ ರಸ್ತೆ ನೋಡಿದರು. ನಮ್ಮ ಗೇಟಿನಿಂದ ಇನ್ನೂರು ಮೀಟರ್ ಅಂದರೆ ಶಾಲೆ ದಾಟಿ ಬಸ್ಸಿಗೆ ನಿಲ್ಲುವ ಜಾಗ. ಮೊಳೆಯಿಂದ ಕಾರಿನ ಕೀಲಿ ತೆಗೆದುಕೊಂಡು ಹೊರಗೆ ಹೋದರು.

ತಡೆಯಲಿಲ್ಲ. ಗೇಟಿನ ಕೀಲಿ ಇಲ್ಲಿದೆ, ಈ ಪುಸ್ತಕದ ಪಕ್ಕದಲ್ಲಿ. ಕೇಳಿದರೆ ಕೊಡುವುದಿಲ್ಲ ಎಂದು ಬರೆದುಕೊಳ್ಳುತ್ತೇನೆ, ಬರೆದರೆ ಗಟ್ಟಿಯಾಗುತ್ತೇನೆಂದು. ಕೊಡುವುದಿಲ್ಲ.

ಇಂಜಿನ್ ಶುರುವಾಯಿತು. ಬಾಗಿಲ ಸದ್ದು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಯಾವುದು ಯಾವ ಬಾಗಿಲೋ.

ಹಾರ್ನ್.

ಅಲ್ಲ – ಅರ್ಧ. ಎಡಗಡೆ ಸೀಟಿನಿಂದ ಚಾಚಿದ ಬೆರಳ ತುದಿ ತಾಗಿ ಜಾರಿದ್ದು. ಮತ್ತೊಮ್ಮೆ, ಅರ್ಧ. ನನ್ನ ಚಪ್ಪಲಿ ಎಲ್ಲಿ—